ನೆಲ ಒಬ್ಬರದು, ಮನೆ ಇನ್ನೊಬ್ಬರದು

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಹಳೆಯ ಪೇಟೆಗಳಲ್ಲಿ ಮೂಲಗೇಣಿಯ ನೆಲದ ಮೇಲೆ ನಿಂತ ಮನೆಗಳು ಇವತ್ತಿಗೂ ಬಹಳ. ಜಾಗದ ಒಡೆಯನಾದ ಮೂಲಿದಾರ ತಲೆಮಾರುಗಳ ಹಿಂದೆ ಇಂತಿಷ್ಟು ಎಂದು ಗೇಣಿ ಗೊತ್ತುಮಾಡಿ ಅದನ್ನು ಶಾಶ್ವತವಾಗಿ ಬಿಟ್ಟುಕೊಟ್ಟ. ಪಡೆದವನು ಮನೆ ಕಟ್ಟಿದ, ತೆಂಗು ನೆಟ್ಟ, ಮಕ್ಕಳ ಕೈಗೆ ದಾಟಿಸಿದ. 1799ರಲ್ಲಿ ಕೆನರಾ ಜಿಲ್ಲೆಯ ಕಲೆಕ್ಟರಾಗಿ ಬಂದ ಥಾಮಸ್ ಮನ್ರೊ ಸರ್ಕಾರಕ್ಕೆ ಬರೆದ ವರದಿಗಳಲ್ಲೇ ಈ ಪದ್ಧತಿಯ ಪ್ರಸ್ತಾಪ ಇದೆ. ಅಂಥ ಒಂದು ಮನೆಯನ್ನು ಕೊಳ್ಳಬಹುದೇ ಎಂಬ ಪ್ರಶ್ನೆ ಹಿಡಿದು ಇಬ್ಬರು ಮಾತಿಗೆ ಕೂತಿದ್ದಾರೆ. ಮಾವ ಮಂಗಳೂರಿನಲ್ಲಿ ಬದುಕಿಡೀ ದಸ್ತಾವೇಜು ಬರೆದವರು, ಈಗ ವಿಶ್ರಾಂತರು. ಸೊಸೆ ಅವರ ತಂಗಿಯ ಮಗಳು, ಬೆಂಗಳೂರಿನಲ್ಲಿ ಕೆಲಸ, ಅಮ್ಮನಿಗೆಂದು ಊರಿನಲ್ಲಿ ಮನೆ ಹುಡುಕುತ್ತಿದ್ದಾಳೆ.

ಸೊಸೆ: ಬೋಳಾರದ ಮನೆ ನೋಡಿ ಬಂದೆ ಮಾವ. ಎಂಟು ಸೆಂಟ್ಸ್ ಜಾಗ, ಹಂಚಿನ ಮನೆ, ಬತ್ತದ ಬಾವಿ. ಅಮ್ಮನಿಗೆ ತುಂಬಾ ಹಿಡಿಸಿತು. ಬೆಲೆಯೂ ಪಕ್ಕದ ಜಾಗಗಳಿಗಿಂತ ಕಡಿಮೆ.

ಮಾವ: ಕಡಿಮೆ ಯಾಕೆ ಅಂತ ಕೇಳಿದೆಯಾ?

ಸೊಸೆ: ಮೂಲಗೇಣಿ ಜಾಗವಂತೆ. ವರ್ಷಕ್ಕೆ ಆರು ರೂಪಾಯಿ ಗೇಣಿ. ಆರು ರೂಪಾಯಿಗೆ ಹೆದರಿ ಇಂಥ ಮನೆ ಬಿಡುವುದಾ? ಶಾಶ್ವತ ಹಕ್ಕು, ಗೇಣಿ ಏರಿಸುವ ಹಾಗಿಲ್ಲ, ವಾಯಿದೆ ಮುಗಿಯಿತು ಏಳು ಅನ್ನುವ ಹಾಗೂ ಇಲ್ಲ. ನನ್ನ ಕಣ್ಣಿಗೆ ಸ್ವಂತದ್ದಕ್ಕೂ ಇದಕ್ಕೂ ವ್ಯತ್ಯಾಸ ಕಾಣುವುದಿಲ್ಲ.

ಮಾವ: ಆರು ರೂಪಾಯಿಗೆ ಹೆದರಬೇಡ. ಆರು ರೂಪಾಯಿ ಕೊಟ್ಟ ರಶೀದಿ ಎಲ್ಲಿ ಅಂತ ಕೇಳು. ಕೊನೆಯ ರಶೀದಿ ಯಾವ ವರ್ಷದ್ದು, ಯಾರ ಹೆಸರಿನಲ್ಲಿ ಹರಿದದ್ದು?

ಸೊಸೆ: ರಶೀದಿ ತೋರಿಸಲಿಲ್ಲ. ಖಾತಾ ತೋರಿಸಿದರು, ಕಾರ್ಪೊರೇಶನ್ನಿನ ತೆರಿಗೆ ಕಟ್ಟಿದ ಚಲನ್‌ಗಳ ಕಟ್ಟು ತೋರಿಸಿದರು. ಎಲ್ಲದರಲ್ಲೂ ಅವರದೇ ಹೆಸರು.

ಮಾವ: ತೆರಿಗೆ ಯಾರು ಕಟ್ಟುತ್ತಾರೆ ಅನ್ನುವುದಕ್ಕೆ ಅದು ಸಾಕು. ನೆಲ ಯಾರದು ಅನ್ನುವುದಕ್ಕೆ ಸಾಲದು. ಮೂಲಗೇಣಿ ಚೀಟು ಉಂಟಾ?

ಸೊಸೆ: ಜೆರಾಕ್ಸ್ ಉಂಟು, ಇಲ್ಲಿ ನೋಡಿ. 1938ರದ್ದು. ಇದರ ಜೊತೆಗೆ ಅವರ ವಕೀಲರು ಬರೆದ ಕ್ರಯದ ಕರಾರಿನ ಕರಡು.

ಮಾವ: ಕರಡಿನ ಮೊದಲ ಪುಟದಲ್ಲೇ ತಪ್ಪುಂಟಲ್ಲ. ‘ನಮ್ಮ ಸ್ವಂತ ಹಕ್ಕಿನ ಸ್ಥಿರಾಸ್ತಿ’ ಅಂತ ಬರೆದಿದ್ದಾರೆ. ಅವರ ಕೈಯಲ್ಲಿ ಇರುವುದು ಮೂಲಗೇಣಿ ಹಕ್ಕು, ಅವರು ಮಾರಬಹುದಾದದ್ದು ಅದನ್ನು ಮಾತ್ರ. ತನ್ನಲ್ಲಿ ಇಲ್ಲದ ಹಕ್ಕನ್ನು ಯಾರೂ ಇನ್ನೊಬ್ಬರಿಗೆ ಕೊಡಲಾರರು.

ಸೊಸೆ: ಅದನ್ನು ತಿದ್ದಿಸಿದರಾಯಿತು. ಅದು ಅಷ್ಟು ದೊಡ್ಡ ವಿಷಯವಾ?

ಮಾವ: ದೊಡ್ಡದೇ. ಸ್ವತ್ತು ವರ್ಗಾವಣೆ ಕಾಯ್ದೆಯ 111ನೇ ಸೆಕ್ಷನ್ನಿನಲ್ಲಿ ಗೇಣಿ ಯಾವ ಯಾವ ಕಾರಣಕ್ಕೆ ಮುಗಿಯುತ್ತದೆ ಅಂತ ಉಂಟು. ಗೇಣಿದಾರ ‘ನಾನೇ ಒಡೆಯ’ ಎಂದು ಮೂಲಿದಾರನ ಹಕ್ಕನ್ನು ಅಲ್ಲಗಳೆದರೆ ಅದೂ ಒಂದು ಕಾರಣ. ಈ ಒಂದು ಸಾಲು ನೋಡಿ ಕೋರ್ಟು ಕೂಡಲೇ ಜಾಗ ಬಿಡಿಸುತ್ತದೆ ಅಂತಲ್ಲ, ಅಲ್ಲಗಳೆದದ್ದು ಸಂಶಯಕ್ಕೆ ಎಡೆಯಿಲ್ಲದ ಹಾಗೆ ಸ್ಪಷ್ಟವಾಗಿರಬೇಕು. ಆದರೆ ಎದುರಾಳಿಯ ಕೈಗೆ ಅಸ್ತ್ರವನ್ನು ನೀನೇ ಯಾಕೆ ಬರೆದುಕೊಡುತ್ತಿ? ತಲೆಮಾರಿನಿಂದ ನಿಶ್ಚಿಂತೆಯಾಗಿ ಕೂತವರೂ ಒಡೆಯರೆಂದು ಹೇಳಿಕೊಳ್ಳಲು ಹೋಗಿ ವ್ಯಾಜ್ಯಕ್ಕೆ ಸಿಕ್ಕಿಕೊಳ್ಳುತ್ತಾರೆ.

ಸೊಸೆ: ಸರಿ, ‘ಮೂಲಗೇಣಿ ಹಕ್ಕು’ ಅಂತಲೇ ಬರೆಸುತ್ತೇನೆ. ಇನ್ನು ಚೀಟು ಓದಿ. ಆ ಕಾಲದ ಅಕ್ಷರ ನನಗೆ ಬಿಡಿಸಲು ಬರುವುದಿಲ್ಲ.

ಮಾವ ಕನ್ನಡಕ ಏರಿಸಿಕೊಂಡು ಹಾಳೆಗಳನ್ನು ಬೆಳಕಿಗೆ ಹಿಡಿದರು. ಓದಲು ಬಹಳ ಹೊತ್ತು ಹಿಡಿಯಿತು.

ಮಾವ: ಚತುಸ್ಸೀಮೆ ಸರಿಯಾಗಿ ಉಂಟು. ಗೇಣಿ ಹಣದಲ್ಲೇ ಉಂಟು, ಅದು ನಿನ್ನ ಅದೃಷ್ಟ. ಕೆಲವು ಚೀಟುಗಳಲ್ಲಿ ಇಷ್ಟು ಮುಡಿ ಅಕ್ಕಿ ಅಂತ ಇರುತ್ತದೆ. ಅಂಥ ಕಡೆ ಅಕ್ಕಿಯ ಬೆಲೆ ಏರಿದ ಹಾಗೆ ಗೇಣಿಯೂ ಏರುತ್ತದೆ. ಮರಗಳ ಬಗ್ಗೆ ಒಂದು ಸಾಲು ಉಂಟು, ಹಲಸು ಕಡಿದರೆ ಮರಮಟ್ಟು ಮೂಲಿದಾರನಿಗೆ. ನೆಲ ಅಗೆದು ಮುರಕಲ್ಲು ತೆಗೆಯುವ ಹಾಗಿಲ್ಲ. ಚೀಟಿನಲ್ಲಿ ಬರೆಯದಿದ್ದರೂ ಕಾಯ್ದೆಯೇ ಗೇಣಿದಾರನಿಗೆ ಹೊಸದಾಗಿ ಗಣಿ, ಕಲ್ಲುಕೋರೆ ತೆರೆಯಲು ಬಿಡುವುದಿಲ್ಲ. ಮನೆ ಕಟ್ಟಲು ಒಪ್ಪಿಗೆ ಉಂಟು. ಇಲ್ಲಿ ನೋಡು, ಇದು ಮುಖ್ಯ. ‘ಮೂಲಿದಾರರ ಲಿಖಿತ ಸಮ್ಮತಿ ಇಲ್ಲದೆ ಪರಾಧೀನ ಮಾಡಕೂಡದು.’

ಸೊಸೆ: ಮಾರಬಾರದು ಅಂತ ಷರತ್ತು ಹಾಕಿದರೆ ಅದು ನಿಲ್ಲುತ್ತದಾ? ಆಸ್ತಿ ವರ್ಗಾವಣೆಯನ್ನು ಪೂರ್ತಿ ತಡೆಯುವ ಷರತ್ತು ಅನೂರ್ಜಿತ ಅಂತ ನಾನು ಓದಿದ್ದೇನೆ.

ಮಾವ: ಓದಿದ್ದು ಅರ್ಧ. 10ನೇ ಸೆಕ್ಷನ್ ಹಾಗೆ ಹೇಳಿ ಅಲ್ಲೇ ಒಂದು ಅಪವಾದ ಇಡುತ್ತದೆ. ಗೇಣಿಯಲ್ಲಿ ಒಡೆಯನ ಹಿತಕ್ಕಾಗಿ ಹಾಕಿದ ಷರತ್ತು ಊರ್ಜಿತ. ಚೀಟು ಈ ವಿಷಯದಲ್ಲಿ ಸುಮ್ಮನಿದ್ದರೆ 108ನೇ ಸೆಕ್ಷನ್ ಪ್ರಕಾರ ಗೇಣಿದಾರ ತನ್ನ ಹಕ್ಕನ್ನು ಮಾರಬಹುದು, ಅಡವಿಡಬಹುದು, ಒಳಗೇಣಿಗೂ ಕೊಡಬಹುದು. ಈ ಚೀಟು ಸುಮ್ಮನಿಲ್ಲ.

ಸೊಸೆ: ಹಾಗಾದರೆ ಸಮ್ಮತಿ ಇಲ್ಲದೆ ಕೊಂಡರೆ ಮನೆ ಹೋಯಿತು ಅಂತಲಾ?

ಮಾವ: ಅವಸರ ಬೇಡ ಮಾರಾಯ್ತಿ. ಒಂದು ಸಾಲು ಸಾಲದು. ‘ಮಾರಕೂಡದು’ ಅನ್ನುವುದರ ಜೊತೆಗೆ ‘ಮಾರಿದಲ್ಲಿ ಮೂಲಿದಾರರು ಜಾಗವನ್ನು ಮರಳಿ ಸ್ವಾಧೀನಕ್ಕೆ ತೆಗೆದುಕೊಳ್ಳತಕ್ಕದ್ದು’ ಅನ್ನುವ ಎರಡನೇ ಸಾಲೂ ಬೇಕು. ಆಗ ಮಾತ್ರ ಷರತ್ತು ಮುರಿದದ್ದಕ್ಕೆ ಗೇಣಿ ರದ್ದಾಗುತ್ತದೆ. ಎರಡನೇ ಸಾಲು ಇಲ್ಲದಿದ್ದರೆ ಮೂಲಿದಾರ ನಷ್ಟ ಕೇಳಬಹುದು, ಜಾಗ ಕೇಳುವುದು ಕಷ್ಟ. ಆ ಸಾಲು ಇರಬೇಕಾದ ಕೊನೆಯ ಹಾಳೆಯೇ ನಿನ್ನ ಜೆರಾಕ್ಸಿನಲ್ಲಿ ಇಲ್ಲ.

ಸೊಸೆ: ಬೇಕೆಂದೇ ಬಿಟ್ಟಿರಬಹುದಾ?

ಮಾವ: ಅದನ್ನು ಊಹಿಸುತ್ತ ಕೂರಬೇಡ. ಸಬ್‌ರಿಜಿಸ್ಟ್ರಾರ್ ಕಚೇರಿಗೆ ಅರ್ಜಿ ಹಾಕಿ ದೃಢೀಕೃತ ನಕಲು ತೆಗೆ, ಋಣಭಾರದ ಪ್ರಮಾಣಪತ್ರ, ಇ.ಸಿ., ತೆಗೆಸು. 1938ರಿಂದ ಇವತ್ತಿನವರೆಗೆ ಈ ಹಕ್ಕು ಯಾರಿಂದ ಯಾರಿಗೆ ಬಂತು, ನಡುವೆ ನಡೆದ ಮಾರಾಟಕ್ಕೆ ಸಮ್ಮತಿ ಇತ್ತಾ ಅಂತ ಕೊಂಡಿ ಕೊಂಡಿಯಾಗಿ ನೋಡಬೇಕು. ಚೀಟು 1930ರ ಏಪ್ರಿಲ್ 1ಕ್ಕಿಂತ ಹಿಂದಿನದಾಗಿದ್ದರೆ ಲೆಕ್ಕ ಇನ್ನೂ ಬಿಗಿ ಇತ್ತು. ಆಮೇಲಿನ ಗೇಣಿಗಳನ್ನು ಷರತ್ತು ಮುರಿದರೆಂದು ರದ್ದುಮಾಡಲು ಒಡೆಯ ಲಿಖಿತ ನೋಟಿಸು ಕೊಡಲೇಬೇಕು, ಹಿಂದಿನವುಗಳಿಗೆ ಅದು ಬೇಡ ಅಂತ ಸುಪ್ರೀಂ ಕೋರ್ಟು 1953ರಲ್ಲೇ ಹೇಳಿದೆ. ನಿನ್ನದು 1938, ನೋಟಿಸು ಬೇಕು.

ಸೊಸೆ: ನೋಟಿಸು ಬಂದ ಮೇಲೆ ಸರಿಪಡಿಸಿಕೊಳ್ಳಬಹುದಲ್ಲ? ಬಾಕಿ ಇದ್ದರೆ ಕಟ್ಟಿಬಿಡಬಹುದು.

ಮಾವ: ಬಾಕಿಯ ಮಾತು ಬೇರೆ. ಗೇಣಿ ಕಟ್ಟದೆ ದಾವೆ ಬಂದರೂ, ವಿಚಾರಣೆಯ ಹೊತ್ತಿಗೆ ಬಾಕಿ, ಬಡ್ಡಿ, ದಾವೆಯ ಖರ್ಚು ಕಟ್ಟಿದರೆ ಕೋರ್ಟು ಮನ್ನಿಸಿ ಗೇಣಿಯನ್ನು ಉಳಿಸಬಹುದು, 114ನೇ ಸೆಕ್ಷನ್. ಹಳೆಯ ಬಾಕಿಯಲ್ಲೂ ಮೂಲಿದಾರ ಮೂರು ವರ್ಷಕ್ಕಿಂತ ಹಿಂದಿನದನ್ನು ದಾವೆ ಹಾಕಿ ವಸೂಲು ಮಾಡಲಾರ. ಬೇರೆ ಷರತ್ತು ಮುರಿದದ್ದಾದರೆ ತಿದ್ದಿಕೊಳ್ಳಲು ಸಮಯ ಕೊಟ್ಟು ನೋಟಿಸು ಕೊಡಬೇಕು, ಅದು 114ಎ. ಆದರೆ ಅನುಮತಿ ಇಲ್ಲದೆ ಪರಾಧೀನ ಮಾಡಿದ್ದಕ್ಕೆ ಆ ತಿದ್ದುವ ಅವಕಾಶ ಇಲ್ಲ ಅಂತ ಅದೇ ಸೆಕ್ಷನ್ನಿನಲ್ಲಿ ಬರೆದುಂಟು. ಆರು ರೂಪಾಯಿ ತಪ್ಪಿದರೆ ಕಾಯ್ದೆ ಕನಿಕರ ತೋರಿಸುತ್ತದೆ. ಕೇಳದೆ ಮಾರಿದರೆ ತೋರಿಸುವುದಿಲ್ಲ. ನಿನ್ನ ಹಾಗೆ ಕೊಳ್ಳುವವರು ಎಡವುವುದು ಇಲ್ಲೇ.

ಸೊಸೆ: ಇದು ನ್ಯಾಯವಾ ಮಾವ? ಎಂಬತ್ತು ವರ್ಷಕ್ಕೂ ಮೇಲೆ ಆ ಮನೆಯವರು ಅಲ್ಲಿ ಬದುಕಿದ್ದಾರೆ. ಮಳೆಗೆ ಕುಸಿದ ಗೋಡೆ ಕಟ್ಟಿದ್ದು ಅವರು, ಬಾವಿ ತೋಡಿದ್ದು ಅವರು. ಮಾರುವ ಹೊತ್ತಿಗೆ, ಆ ಜಾಗದ ಮುಖವನ್ನೇ ನೋಡದ ಮೂಲಿದಾರನ ಮೊಮ್ಮಗ ‘ಸಹಿಗೆ ಇಷ್ಟು ಲಕ್ಷ’ ಅನ್ನುತ್ತಾನೆ.

ಮಾವ: ಅನ್ನುತ್ತಾನೆ, ಹೌದು. ಚೀಟಿನಲ್ಲಿ ಆ ಮೊತ್ತ ಬರೆದಿಲ್ಲ, ಅದಕ್ಕೇ ಅಲ್ಲಿ ಜಗ್ಗಾಟ. ಕೆಲವು ಚೀಟುಗಳಲ್ಲಿ ‘ಮಾರುವುದಾದರೆ ಮೊದಲು ಮೂಲಿದಾರನಿಗೇ ಕೊಡಬೇಕು’ ಅಂತಲೂ ಇರುತ್ತದೆ. ಆದರೆ ಆ ಮೊಮ್ಮಗನ ಕಡೆಯಿಂದಲೂ ನೋಡು. ಅವನ ಅಜ್ಜ ಜಾಗ ಮಾರಲಿಲ್ಲ, ಮಾರಿದ್ದರೆ ಅಂದಿನ ಪೂರ್ತಿ ಬೆಲೆ ಕೈಗೆ ಬರುತ್ತಿತ್ತು. ಕೊಡುವಾಗಲೇ ‘ನನ್ನನ್ನು ಕೇಳಿ ಮಾರು’ ಅಂದಿದ್ದ, ಪಡೆದವನು ಒಪ್ಪಿ ಹೆಬ್ಬೆಟ್ಟು ಒತ್ತಿದ್ದ. ಮಾತು ಹಳೆಯದಾಯಿತು ಅಂತ ಸುಳ್ಳಾಗುತ್ತದಾ?

ಸೊಸೆ: ಒಪ್ಪಿದನೋ, ಬೇರೆ ದಾರಿ ಇಲ್ಲದೆ ಒತ್ತಿದನೋ? ಧಣಿ ಬರೆಸಿದ ಷರತ್ತನ್ನು ತಿದ್ದುವ ಶಕ್ತಿ ಆ ಕಾಲದಲ್ಲಿ ಯಾರಿಗಿತ್ತು? ಮತ್ತೆ, ಚೀಟು ಬರೆಯುವಾಗ ಕಾಣಿಕೆ ಅಂತ ಮೊತ್ತ ತೆಗೆದುಕೊಂಡ ಮೂಲಿದಾರರು ಎಷ್ಟು ಮಂದಿ ಇಲ್ಲ? 1974ರ ಮಾರ್ಚ್ 1ರಂದು ಗದ್ದೆ ತೋಟಗಳ ಗೇಣಿದಾರರ ವಿಷಯದಲ್ಲಿ ಸರ್ಕಾರ ಭೂಸುಧಾರಣೆ ಕಾಯ್ದೆಯಿಂದ ಈ ಪ್ರಶ್ನೆಯನ್ನು ತೀರ್ಮಾನ ಮಾಡಿತು. ಡಿಕ್ಲರೇಶನ್ ಹಾಕಿದವರಿಗೆ ಭೂ ನ್ಯಾಯಮಂಡಳಿ ಹಕ್ಕು ಕೊಟ್ಟಿತು. ಹೊಲ ಉತ್ತವನಿಗೆ ಆದ ನ್ಯಾಯ ಪೇಟೆಯಲ್ಲಿ ಮನೆ ಕಟ್ಟಿದವನಿಗೆ ಯಾಕೆ ಆಗಬಾರದು?

ಮಾವ: ಹೊಲಕ್ಕೂ ಪೇಟೆಯ ಸೆಂಟ್ಸಿಗೂ ವ್ಯತ್ಯಾಸ ಉಂಟು. ಉತ್ತವನಿಗೆ ಆ ಮಣ್ಣೇ ಅನ್ನ. ಪೇಟೆಯ ಮೂಲಗೇಣಿದಾರರಲ್ಲಿ ಬಡವರೂ ಇದ್ದಾರೆ, ನಾಲ್ಕು ಅಂಗಡಿ ಕಟ್ಟಿ ತಿಂಗಳಿಗೆ ಬಾಡಿಗೆ ಎಣಿಸುವವರೂ ಇದ್ದಾರೆ. ಮೂಲಿದಾರರೆಲ್ಲ ದೊಡ್ಡ ಧಣಿಗಳೂ ಅಲ್ಲ. 1974ರಲ್ಲಿ ಗದ್ದೆ ಹೋಗಿ ಕೈಯಲ್ಲಿ ಉಳಿದದ್ದು ಇಂಥ ಎರಡು ಮೂರು ಜಾಗದ ಒಡೆತನ, ಅಂದರೆ ಮೂಲಿ, ಮಾತ್ರ ಅನ್ನುವ ಕುಟುಂಬಗಳು ಉಂಟು. ನಮ್ಮದೇ ಉಂಟಲ್ಲ.

ಸೊಸೆ: ನಮ್ಮದಾ?

ಮಾವ: ಮತ್ತೆ? ಪೇಟೆಯಲ್ಲಿ ನಮ್ಮ ಕುಟುಂಬಕ್ಕೆ ಮೂರು ಮೂಲಿ ಉಂಟು. ಅಳಿಯಕಟ್ಟಿನ ಲೆಕ್ಕದಲ್ಲಿ ತಾಯಿಯ ಕಡೆಯಿಂದ ಬಂದದ್ದು, ನಿನ್ನ ಅಮ್ಮನಿಗೆ ಪಾಲು ಉಂಟು, ಅವಳಿಂದ ನಿನಗೂ. ಅಲ್ಲಿಂದ ವರ್ಷಕ್ಕೆ ಬರುವ ಗೇಣಿ ನನ್ನ ಒಂದು ತಿಂಗಳ ಮದ್ದಿಗೂ ಸಾಲುವುದಿಲ್ಲ. ಆ ಜಾಗದ ಬೆಲೆಯೋ, ಕೋಟಿಯ ಮಾತು.

ಸೊಸೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅವಳು ಕೇಳಿದ ಪ್ರಶ್ನೆಗೆ ಧ್ವನಿ ಬೇರೆ ಇತ್ತು.

ಸೊಸೆ: ಆ ಕೋಟಿ ಯಾರು ಮಾಡಿದ್ದು ಮಾವ? ನಮ್ಮ ಅಜ್ಜಿಯೂ ಅಲ್ಲ, ಅಲ್ಲಿ ಮನೆ ಕಟ್ಟಿದವರೂ ಅಲ್ಲ. ಬಂದರು ಬಂತು, ಕಾಲೇಜು ಆಸ್ಪತ್ರೆಗಳು ಬಂದವು, ಹೆದ್ದಾರಿ ಬಂತು, ಅದರಿಂದ ಬಂದ ಬೆಲೆ. ಆದರೆ ಅಲ್ಲಿ ಬದುಕು ಹೂಡಿದವರು ಅವರು. ನೀವು ಹೇಳುವ ಹಕ್ಕು ಕಾಗದದಲ್ಲಿ ಉಂಟು, ಒಪ್ಪಿದೆ. ಅವರದ್ದು ಆ ನೆಲದ ಮೇಲೆಯೇ ಉಂಟು.

ಮಾವ: ನನ್ನ ಅಮ್ಮ, ನಿನ್ನ ಅಜ್ಜಿ, ಆ ಗೇಣಿ ಬರುವ ದಿನ ಕಾಯುತ್ತಿದ್ದುದನ್ನು ನಾನು ನೋಡಿದ್ದೇನೆ. ಆಗ ಅದಕ್ಕೆ ಬೆಲೆ ಇತ್ತು. ಹಣದ ಬೆಲೆ ಕರಗಿ ಗೇಣಿ ಮಾತ್ರ ನಿಂತಲ್ಲೇ ನಿಂತಿತು. ಕರಗಿದ್ದೆಲ್ಲ ಮೂಲಿದಾರನ ಪಾಲಿಗೆ, ಏರಿದ್ದೆಲ್ಲ ಇನ್ನೊಬ್ಬರಿಗೆ ಅಂದರೆ ಅದನ್ನೂ ನ್ಯಾಯ ಅಂತ ಹೇಗೆ ಒಪ್ಪಲಿ?

ಸೊಸೆ: ಅದಕ್ಕೇ ಅಲ್ಲವಾ ಮೂಲಗೇಣಿದಾರರಿಗೆ, ಒಳಮೂಲಗೇಣಿದಾರರಿಗೆ ಒಡೆತನ ಕೊಡುವ 2011ರ ಕಾಯ್ದೆ ಬಂದದ್ದು? ಸುಮ್ಮನೆ ಕಿತ್ತುಕೊಡುವುದಲ್ಲ, ಪರಿಹಾರ ಕೊಡಿಸಿಯೇ.

ಮಾವ: ಬಂತು. ಮೂಲಿದಾರರು ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ಪ್ರಶ್ನೆ ಬಂದು ನಿಲ್ಲುವುದು ಪರಿಹಾರದಲ್ಲೇ. ಗೇಣಿಯ ಲೆಕ್ಕ ಹಿಡಿದರೆ ಮೂಲಿದಾರನಿಗೆ ಏನೂ ಸಿಕ್ಕಿದ ಹಾಗಲ್ಲ. ಇವತ್ತಿನ ಬೆಲೆ ಹಿಡಿದರೆ ಹಂಚಿನ ಮನೆಯ ವಿಧವೆ ಅದನ್ನು ಎಲ್ಲಿಂದ ತರಬೇಕು? ನಡುವೆ ಎಲ್ಲೋ ಒಂದು ಗೆರೆ ಎಳೆಯಬೇಕು, ಎಲ್ಲಿ ಎಳೆದರೂ ಒಂದು ಕಡೆಯವರಿಗೆ ನೋವು. ನೀನು ಕೊಳ್ಳುವವಳು, ಆ ಕಾಯ್ದೆಯಿಂದ ನಾಳೆ ನಾನೇ ಒಡತಿ ಅನ್ನುವ ಲೆಕ್ಕದಲ್ಲಿ ಮಾತ್ರ ಹಣ ಹಾಕಬೇಡ. ವಕೀಲರ ಹತ್ತಿರ ಇವತ್ತಿನ ದಿನಕ್ಕೆ ಅದರ ಸ್ಥಿತಿ ಏನು, ಬೋಳಾರದ ಈ ಜಾಗಕ್ಕೆ ಅನ್ವಯ ಹೇಗೆ ಅಂತ ಬರಹದಲ್ಲಿ ಅಭಿಪ್ರಾಯ ತಗೋ.

ಸೊಸೆ: ಮೂಲಿದಾರರಿಂದಲೇ ಮೂಲಿ ಹಕ್ಕು ಕೊಂಡುಬಿಟ್ಟರೆ?

ಮಾವ: ಅದಕ್ಕಿಂತ ಚೊಕ್ಕದಾದ ದಾರಿ ಇಲ್ಲ. ಮೂಲಿ ಮತ್ತು ಮೂಲಗೇಣಿ, ಎರಡೂ ಪೂರ್ತಿ ಜಾಗದ ಮಟ್ಟಿಗೆ ಒಬ್ಬರ ಕೈಯಲ್ಲೇ ಸೇರಿದರೆ ಗೇಣಿ ತಾನಾಗಿ ಮುಗಿಯುತ್ತದೆ. ಆದರೆ ಸಹಿ ಹಾಕುವವನೇ ಪೂರ್ತಿ ಹಕ್ಕುದಾರನಾ ಅಂತ ನೋಡಬೇಕು. ಪಾಲಾಗದ ಕುಟುಂಬವಾದರೆ ಪಾಲುದಾರರೆಲ್ಲರ ಸಹಿ ಬೇಕು, ಒಬ್ಬರು ದುಬೈಯಲ್ಲಿ, ಒಬ್ಬರು ಮುಂಬೈಯಲ್ಲಿ. ಮೂಲಿ ದೇವಸ್ಥಾನದ್ದಾಗಿ ಅದು ಧಾರ್ಮಿಕ ದತ್ತಿ ಇಲಾಖೆಗೆ ಸೇರಿದ್ದರೆ ಆಡಳಿತದವರ ಸಹಿಯೊಂದೇ ಸಾಲದು, ಸರ್ಕಾರದ ಮಂಜೂರಾತಿ ಬೇಕು.

ಸೊಸೆ: ಬೋಳಾರದ್ದು ಒಂದೇ ಮನೆತನದ್ದಂತೆ. ಅವರು ಮೂಲಿ ಮಾರಲು ತಯಾರಿಲ್ಲ, ಸಮ್ಮತಿ ಕೊಡಬಹುದು ಅಂದಿದ್ದಾರಂತೆ.

ಮಾವ: ಬಾಯಿಮಾತಿನ ಸಮ್ಮತಿ ನಡೆಯುವುದಿಲ್ಲ. ಕ್ರಯಪತ್ರದಲ್ಲೇ ಅವರನ್ನು ಒಪ್ಪಿಗೆದಾರರಾಗಿ ಸೇರಿಸಿ ಸಹಿ ಹಾಕಿಸು, ಈ ತನಕ ಗೇಣಿ ಬಾಕಿ ಇಲ್ಲ, ಹಿಂದಿನ ಯಾವ ತಪ್ಪಿಗೂ ಹಕ್ಕು ಸಾಧಿಸುವುದಿಲ್ಲ ಅಂತ ಬರೆಸು. ನೋಂದಣಿ ಆದ ಮೇಲೆ ನಿನ್ನ ಹೆಸರಿನಲ್ಲಿ ಗೇಣಿ ರಶೀದಿ ತಗೋ. ತಪ್ಪು ನಡೆದದ್ದು ಗೊತ್ತಿದ್ದೂ ಆಮೇಲಿನ ಗೇಣಿಯನ್ನು ಒಪ್ಪಿಕೊಂಡರೆ, ಆ ತಪ್ಪಿನ ಮೇಲೆ ರದ್ದು ಮಾಡುವ ಹಕ್ಕನ್ನು ಒಡೆಯ ಬಿಟ್ಟುಕೊಟ್ಟ ಹಾಗೆ, 112ನೇ ಸೆಕ್ಷನ್. ಆರು ರೂಪಾಯಿಯ ಆ ಚೀಟಿಯನ್ನು ಚಿನ್ನದ ಹಾಗೆ ಇಟ್ಟುಕೊಳ್ಳಬೇಕು.

ಸೊಸೆ: ಬ್ಯಾಂಕ್ ಸಾಲಕ್ಕೂ ಅದೇ ಪತ್ರ ಆಗುತ್ತದಾ?

ಮಾವ: ಅದಿಲ್ಲದೆ ಹೆಚ್ಚಿನ ಬ್ಯಾಂಕಿನವರು ಮುಂದೆ ಹೋಗುವುದಿಲ್ಲ. ಅಡವಿಗೂ ಸಮ್ಮತಿ ಉಂಟು ಅಂತ ಬೇರೆಯಾಗಿ ಬರೆಸು. ಇನ್ನೊಂದು ವಿಷಯ ಖಚಿತ ಮಾಡಿಕೋ, ಮಾರುವವರದ್ದು ಮೂಲಗೇಣಿಯಾ, ಒಳಮೂಲಗೇಣಿಯಾ? ಒಳಮೂಲಗೇಣಿ ಆದರೆ ಮೇಲೊಬ್ಬ ಗೇಣಿದಾರ, ಅವನ ಮೇಲೆ ಮೂಲಿದಾರ. ಮೇಲಿನವನು ತಾನಾಗಿ ಬಿಟ್ಟುಕೊಟ್ಟರೆ ಕೆಳಗಿನವನ ಹಕ್ಕಿಗೆ ತೊಂದರೆ ಇಲ್ಲ. ಮೇಲಿನವನ ಗೇಣಿ ಷರತ್ತು ಮುರಿದು ರದ್ದಾದರೆ ಸಾಮಾನ್ಯವಾಗಿ ಕೆಳಗಿನವನ ಗೇಣಿಯೂ ಹೋಗುತ್ತದೆ. ಅವನ ತಪ್ಪಿಗೆ ನೀನು ಹೊಣೆ ಅಲ್ಲದಿದ್ದರೂ ಪೆಟ್ಟು ನಿನಗೆ.

ಸೊಸೆ: ಇಷ್ಟೆಲ್ಲ ಕೇಳಿದ ಮೇಲೂ ನನಗೆ ಕೊಳ್ಳಬೇಕು ಅಂತಲೇ ಕಾಣುತ್ತದೆ. ಸಮ್ಮತಿ ಬರಹದಲ್ಲಿ ಬಂದರೆ, ಕೊನೆಯ ಹಾಳೆ ಸರಿ ಇದ್ದರೆ. ಫ್ಲ್ಯಾಟ್ ತಗೊಂಡರೂ ಕೆಳಗಿನ ನೆಲ ಮೂಲಗೇಣಿಯದ್ದೇ ಇರಬಹುದು, ಆಗ ನನ್ನ ಪಾಲಿನ ನೆಲವೂ ಗೇಣಿಯದ್ದೇ. ಇಲ್ಲಿ ಕನಿಷ್ಠ ಯಾರ ಜೊತೆ ಮಾತಾಡಬೇಕು ಅಂತ ಗೊತ್ತುಂಟು.

ಮಾವ: ಅದನ್ನು ಒಪ್ಪುತ್ತೇನೆ. ನಾಳೆ ನೀನು ಮಾರುವಾಗಲೂ ಇದೇ ಮಾತು. ಕೊಳ್ಳುವವರಿಗೆ ಹಕ್ಕಿನ ಕೊರತೆಯನ್ನು ಮುಚ್ಚಿಡುವ ಹಾಗಿಲ್ಲ, ಈ ಕಾಗದಗಳೆಲ್ಲ ಆಗ ಅವರ ಮುಂದೆ ಇಡಬೇಕು. ಸಮ್ಮತಿ ಆಗಲೂ ಬೇಕು. ಈಗಲೇ ‘ಮುಂದಿನ ಮಾರಾಟಕ್ಕೂ’ ಅಂತ ಬರೆಸಲು ಸಾಧ್ಯವಾ ನೋಡು.

ಸೊಸೆ: ಇನ್ನು ನಮ್ಮ ಮೂಲಿಯ ಮಾತು. ಒಂದು ಮನೆಯವರು ‘ಮೂಲಿ ಹಕ್ಕು ನಮಗೇ ಕೊಡಿ’ ಅಂತ ಬಂದಿದ್ದರಂತೆ, ನೀವು ಆಗುವುದಿಲ್ಲ ಅಂದಿರಂತೆ. ಅಮ್ಮ ಹೇಳಿದಳು.

ಮಾವ: ಆಗುವುದಿಲ್ಲ ಅನ್ನಲಿಲ್ಲ. ಇವತ್ತಿನ ಬೆಲೆಯ ಅರ್ಧ ಕೇಳಿದೆ.

ಸೊಸೆ: ಅರ್ಧ ಹೆಚ್ಚಾಯಿತು. ಬೋಳಾರದ ಮೂಲಿದಾರರು ನನ್ನ ಹತ್ತಿರ ಅರ್ಧ ಕೇಳಿದರೆ ನೀವು ‘ಕೊಡು’ ಅನ್ನುತ್ತೀರಾ?

ಮಾವ: ನಿನಗೆ ಜಗ್ಗಾಡು ಅನ್ನುತ್ತಿದ್ದೆ. ಅವರೂ ಜಗ್ಗಾಡಲಿ.

ಸೊಸೆ: ಆ ಮನೆಯವರಿಗೆ ಜಗ್ಗಾಡುವ ಚೈತನ್ಯ ಇಲ್ಲ ಮಾವ. ಗಂಡ ಇಲ್ಲ, ಮಗ ರಿಕ್ಷಾ ಓಡಿಸುತ್ತಾನೆ. ಬೆಲೆಯ ಹತ್ತನೇ ಒಂದು ಸಾಕು ಅಂತ ನನ್ನ ಅಭಿಪ್ರಾಯ. ನನ್ನ, ಅಮ್ಮನ ಸಹಿ ಅಷ್ಟಕ್ಕೆ ಸಿಗುತ್ತದೆ.

ಮಾವ: ಎಲ್ಲರ ಸಹಿ ಬೇಕು. ನಿಮ್ಮಿಬ್ಬರದ್ದೇ ಸಾಲದು.

ಸೊಸೆ: ಗೊತ್ತು. ಭಾನುವಾರ ಕುಟುಂಬದವರೆಲ್ಲ ಸೇರುತ್ತಾರಲ್ಲ, ಅಲ್ಲಿ ಇದನ್ನು ಎತ್ತುತ್ತೇನೆ.

ಮಾವ: ಎತ್ತು. ರಿಕ್ಷಾ ಓಡಿಸುವ ಹುಡುಗನ ಮಾತು ನನಗೆ ಗೊತ್ತಿರಲಿಲ್ಲ, ಅರ್ಧದಿಂದ ನಾನು ಇಳಿಯುತ್ತೇನೆ. ಆದರೆ ಹತ್ತನೇ ಒಂದಕ್ಕೆ ಒಪ್ಪುವುದಿಲ್ಲ, ಈಗಲೇ ಹೇಳಿದ್ದೇನೆ.